ಕಮ್ಮಟದಲ್ಲಿ ಮೂಡಿದ ಮುಖ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿ ಒಬ್ಬ ಮುದುಕನ ಭಾವಚಿತ್ರವಿದೆ. ಕಾರ್ಡಿನಲ್ಲರು ತೊಡುವ ಕೆಂಪು ಉಡುಪು, ಬಿಳಿ ಕೊರಳಪಟ್ಟಿ, ನರೆತ ಕೂದಲು. ಮುಖದಲ್ಲಿ ಗದರಿಕೆಯಿಲ್ಲ, ಅವಸರವಿಲ್ಲ. ಊರಿನ ಹಿರಿಯರೊಬ್ಬರು ಜಗಲಿಯ ಮೇಲೆ ಕೂತು ನಮ್ಮ ಮಾತು ಮುಗಿಯಲಿ ಎಂದು ಕಾಯುತ್ತಿರುವ ಹಾಗಿದೆ. ನಾನು ಲಂಡನ್ನಿಗೆ ಹೋದವಳಲ್ಲ. ಹಾಸ್ಟೆಲ್ಲಿನ ಕೋಣೆಯಲ್ಲಿ, ಲ್ಯಾಪ್‌ಟಾಪಿನ ಪರದೆಯ ಮೇಲೆ ಈ ಚಿತ್ರವನ್ನು ನೋಡಿದೆ. ಹೆಸರು ‘ಕಾರ್ಡಿನಲ್ ಫ್ಲೂರಿ’ ಎಂದಿತ್ತು. ಚಿತ್ರಕಾರನ ಹೆಸರಿರಬೇಕಾದ ಕಡೆ ‘ಯಾಸಾಂತ್ ರಿಗೋನ ಸ್ಟುಡಿಯೋ’ ಎಂದಿತ್ತು. ಅಂದರೆ ಇದು ರಿಗೋ ತಾನೇ ಬರೆದ ಮೂಲವಲ್ಲ, ಅವನ ಕಾರ್ಯಾಗಾರದಲ್ಲಿ ಸಹಾಯಕರು ತಯಾರಿಸಿದ ಪ್ರತಿ.

ಅದನ್ನು ಓದಿದ ತಕ್ಷಣ ನನ್ನ ಬೆರಳು ಮುಂದಿನ ಚಿತ್ರಕ್ಕೆ ಸರಿಯಿತು. ಒಂದು ಕ್ಷಣದ ಹಿಂದೆ ಇಷ್ಟವಾಗಿದ್ದ ಮುಖ ಒಂದು ಪದದಿಂದ ಸಪ್ಪೆಯಾಗಿಬಿಟ್ಟಿತ್ತು. ನನಗೇ ನಾಚಿಕೆಯಾದದ್ದು ಆಮೇಲೆ. ಏಕೆಂದರೆ ನಾನು ಹೊಟ್ಟೆ ಹೊರೆಯುತ್ತಿರುವುದೇ ಪ್ರತಿಗಳಿಂದ. ನನ್ನ ಪಿಎಚ್.ಡಿ. ಕೆಲಸ ಹಳಗನ್ನಡ ಕಾವ್ಯವೊಂದರ ಹಸ್ತಪ್ರತಿಗಳ ಪಾಠಾಂತರಗಳನ್ನು ಕುರಿತದ್ದು. ಪಂಪನ ಕೈಬರಹವನ್ನು ನಾವು ಯಾರೂ ಕಂಡಿಲ್ಲ. ಪಂಪ, ರನ್ನ, ಕುಮಾರವ್ಯಾಸ ಎಂದು ನಾವು ಓದುವುದೆಲ್ಲ ಪ್ರತಿಯ ಪ್ರತಿಯ ಪ್ರತಿಯನ್ನು. ಆ ಬಗ್ಗೆ ನಮಗೆ ಬೇಸರವಿಲ್ಲ. ಹಾಗಾದರೆ ಚಿತ್ರದ ವಿಷಯದಲ್ಲಿ ಮಾತ್ರ ‘ಪ್ರತಿ’ ಎಂಬ ಪದ ಬೈಗುಳದಂತೆ ಏಕೆ ಕೇಳಿಸಬೇಕು? ಆ ಬೆರಳನ್ನು ವಾಪಸ್ಸು ತಂದು, ಬಿಟ್ಟುಹೋದ ಚಿತ್ರವನ್ನು ಮತ್ತೆ ನೋಡುವ ಪ್ರಯತ್ನ ಈ ಬರಹ.

ಬಿರುದಿಲ್ಲದ ಮಂತ್ರಿ

ಆಂದ್ರೆ ಎರ್ಕ್ಯುಲ್ ದ ಫ್ಲೂರಿ ಹುಟ್ಟಿದ್ದು 1653ರಲ್ಲಿ, ದಕ್ಷಿಣ ಫ್ರಾನ್ಸಿನ ಲೊದೇವ್ ಎಂಬ ಸಣ್ಣ ಊರಿನಲ್ಲಿ. ಫ್ರೆಜ್ಯುಸ್‌ನಲ್ಲಿ ಬಿಷಪ್ ಆಗಿದ್ದ. ಆಮೇಲೆ ಬಾಲಕ ದೊರೆ ಹದಿನೈದನೆಯ ಲೂಯಿಗೆ ಗುರುವಾದ. ತಂದೆ ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ಆ ಹುಡುಗ ಈ ಗುರುವನ್ನು ಹಚ್ಚಿಕೊಂಡ.

ಫ್ಲೂರಿಯ ಅಧಿಕಾರದ ಗುಟ್ಟು ಒಂದು ಘಟನೆಯಲ್ಲಿದೆ. ಆಗ ಪ್ರಧಾನಮಂತ್ರಿಯಾಗಿದ್ದವನು ಬೂರ್ಬೋನಿನ ಡ್ಯೂಕ್. ಫ್ಲೂರಿಯನ್ನು ಹೊರಗಿಟ್ಟು ದೊರೆಯೊಡನೆ ರಾಜಕಾರ್ಯ ಮಾತಾಡಬೇಕೆಂದು ಅವನು 1725ರ ಕೊನೆಯಲ್ಲಿ ರಾಣಿಯ ನೆರವಿನಿಂದ ಹೂಡಿದ. ಫ್ಲೂರಿ ಜಗಳವಾಡಲಿಲ್ಲ. ಸುಮ್ಮನೆ ಆಸ್ಥಾನ ಬಿಟ್ಟು ಪ್ಯಾರಿಸ್ಸಿನ ಹತ್ತಿರದ ಇಸ್ಸಿಗೆ ಹೋಗಿ ಕೂತ. ಗುರುವಿಲ್ಲದೆ ದೊರೆ ಚಡಪಡಿಸಿದ, ಹಿಂದಕ್ಕೆ ಕರೆಸಿಕೊಂಡ. ಕೆಲವು ತಿಂಗಳಲ್ಲಿ, 1726ರ ಜೂನ್‌ನಲ್ಲಿ, ಡ್ಯೂಕನೇ ಆಸ್ಥಾನದಿಂದ ಹೊರಬಿದ್ದ. ಆಗ ಫ್ಲೂರಿಗೆ 73 ವರ್ಷ. ಅದೇ ವರ್ಷ ಕಾರ್ಡಿನಲ್ ಪದವಿ ಬಂತು. ಅಲ್ಲಿಂದ 1743ರಲ್ಲಿ ಸಾಯುವವರೆಗೆ ಫ್ರಾನ್ಸನ್ನು ನಡೆಸಿದವನು ಅವನೇ. ಆದರೆ ‘ಪ್ರಧಾನಮಂತ್ರಿ’ ಎಂಬ ಬಿರುದನ್ನು ಕೊನೆಯತನಕ ತೆಗೆದುಕೊಳ್ಳಲಿಲ್ಲ.

ಇಂಥವನ ಭಾವಚಿತ್ರ ಹೇಗಿರಬೇಕು? ಅದೇ ನ್ಯಾಷನಲ್ ಗ್ಯಾಲರಿಯಲ್ಲಿ ಇನ್ನೊಬ್ಬ ಫ್ರೆಂಚ್ ಕಾರ್ಡಿನಲ್-ಮಂತ್ರಿ ಇದ್ದಾನೆ, ಫಿಲಿಪ್ ದ ಶಾಂಪೇನ್ ಬರೆದ ರಿಶಲ್ಯೂ. ಎರಡೂವರೆ ಮೀಟರ್ ಮೀರಿದ ಎತ್ತರದ ಕ್ಯಾನ್ವಾಸು. ಚರ್ಚಿನ ದೊಡ್ಡವರನ್ನು ಕೂತ ಭಂಗಿಯಲ್ಲಿ ಬರೆಯುವುದು ರೂಢಿಯಾಗಿದ್ದರೂ ರಿಶಲ್ಯೂ ಎದ್ದು ನಿಂತಿದ್ದಾನೆ, ಅರಸರು ನಿಲ್ಲುವ ಹಾಗೆ. ಅವನನ್ನು ತಲೆಯೆತ್ತಿ ನೋಡಬೇಕು. ಫ್ಲೂರಿಯನ್ನು ತಲೆಯೆತ್ತಿ ನೋಡಬೇಕಿಲ್ಲ. ರಿಶಲ್ಯೂ ಚಿತ್ರ ‘ನಾನು ಇಲ್ಲಿದ್ದೇನೆ’ ಎನ್ನುತ್ತದೆ. ಫ್ಲೂರಿ ಚಿತ್ರದ ಧಾಟಿ ಬೇರೆ. ‘ನಾನೇನಲ್ಲ, ದೊರೆಗಳು ಕರೆದರು, ಬಂದೆ’ ಎಂಬಂತಿದೆ ಅದು.

ರಿಗೋನ ಲೆಕ್ಕದ ಪುಸ್ತಕ

ಯಾಸಾಂತ್ ರಿಗೋ ಕೂಡ ದಕ್ಷಿಣದವನೇ. 1659ರ ಜುಲೈನಲ್ಲಿ ಪರ್ಪಿನ್ಯಾನ್‌ನಲ್ಲಿ ಹುಟ್ಟಿದಾಗ ಆ ಊರು ಕಾಗದದ ಮೇಲೆ ಇನ್ನೂ ಸ್ಪೇನಿನದು. ನಾಲ್ಕು ತಿಂಗಳ ಬಳಿಕ ಪಿರೆನೀಸ್ ಒಪ್ಪಂದವಾಗಿ ಫ್ರಾನ್ಸಿಗೆ ಸೇರಿತು. ಪ್ಯಾರಿಸ್ಸಿಗೆ ಬಂದು 1682ರಲ್ಲಿ ಅಕಾಡೆಮಿಯ ರೋಮ್ ಬಹುಮಾನ ಗೆದ್ದ. ಗೆದ್ದವರು ಇಟಲಿಗೆ ಹೋಗಿ ಪುರಾಣ, ಇತಿಹಾಸದ ದೊಡ್ಡ ಚಿತ್ರಗಳನ್ನು ಕಲಿಯಬೇಕು. ಆಸ್ಥಾನದ ಹಿರಿಯ ಚಿತ್ರಕಾರ ಲ ಬ್ರ್ಯೂನ್ ‘ಹೋಗಬೇಡ, ಭಾವಚಿತ್ರ ಬರೆ’ ಎಂದು ಸಲಹೆ ಕೊಟ್ಟ. ರಿಗೋ ಹೋಗಲಿಲ್ಲ. ಬರಬರುತ್ತ ಯುರೋಪಿನ ದೊಡ್ಡ ಮನೆತನಗಳೆಲ್ಲ ಅವನೆದುರು ಬಂದು ಕೂರತೊಡಗಿದವು.

ಒಬ್ಬ ಮನುಷ್ಯನಿಂದ ಅಷ್ಟು ಕೆಲಸ ಆಗದು. ಹೇಗೆ ಆಯಿತು ಎಂಬುದು ನಮಗೆ ಗೊತ್ತಿರುವುದು ರಿಗೋ ಅಚ್ಚುಕಟ್ಟಾಗಿ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ. 1919ರಲ್ಲಿ ಅವು ಅಚ್ಚಾದವು. ಯಾರ ಚಿತ್ರ, ಎಷ್ಟು ಹಣ ಎಂಬ ಪಟ್ಟಿ ಒಂದು ಕಡೆ. ಯಾವ ಸಹಾಯಕ ಯಾವ ಪ್ರತಿ ಮಾಡಿದ, ಯಾರ ಚಿತ್ರಕ್ಕೆ ಬಟ್ಟೆ ಬರೆದ, ಅವನಿಗೆ ಕೊಟ್ಟದ್ದೆಷ್ಟು ಎಂಬ ಪಟ್ಟಿ ಇನ್ನೊಂದು ಕಡೆ. ಮುಖ ರಿಗೋನದು, ರೇಷ್ಮೆ ಇನ್ನೊಬ್ಬನದು. ಹಿನ್ನೆಲೆಯಲ್ಲಿ ಯುದ್ಧಭೂಮಿ ಬೇಕಾದರೆ ಅದರಲ್ಲಿ ಪಳಗಿದ ಮತ್ತೊಬ್ಬ ಬರುತ್ತಿದ್ದ.

ಆ ಲೆಕ್ಕದಲ್ಲಿ ನನಗೆ ಬಹಳ ಹಿಡಿಸಿದ ಬಾಬತ್ತು ಒಂದಿದೆ: ‘ಮರುಬಳಸಿದ ಉಡುಪು’. ತನಗೆಂದೇ ಹೊಸ ಭಂಗಿ, ಹೊಸ ಉಡುಪು ಬೇಕೆನ್ನುವ ಗಿರಾಕಿಗೆ ಹೆಚ್ಚು ದರ. ಬೇರೆ ಯಾರಿಗೋ ಆಗಲೇ ಬರೆದ ಭಂಗಿ ಉಡುಪುಗಳೇ ಸಾಕು ಎನ್ನುವವನಿಗೆ ಕಡಿಮೆ. ಇನ್ನೊಬ್ಬನ ಮೈಯ ಮೇಲೆ ತನ್ನ ಮುಖ. ನಮ್ಮ ಜಾತ್ರೆಗಳಲ್ಲಿ ಫೋಟೋ ತೆಗೆಯುವವರು ಬಣ್ಣದ ಹಲಗೆಯೊಂದನ್ನು ನಿಲ್ಲಿಸಿರುತ್ತಿದ್ದರಲ್ಲ, ರಾಜನ ಮೈ ಬರೆದು ಮುಖದ ಜಾಗಕ್ಕೆ ತೂತು ಕೊರೆದದ್ದು? ಅದರ ಗಂಭೀರ ಪೂರ್ವಜ ಇದು.

ಸಹಾಯಕರು ಹೆಸರಿಲ್ಲದವರೇನೂ ಅಲ್ಲ. ಷಾರ್ಲ್ ಸೆವಾಂ ದ ಲಾ ಪೆನೆ ಬಹುಕಾಲ ರಿಗೋನ ಬಲಗೈಯಾಗಿದ್ದ. ಜಾನ್ ರಾಂಕ್ ಅಲ್ಲೇ ಪಳಗಿ ಮುಂದೆ ಸ್ಪೇನಿನ ದೊರೆಯ ಆಸ್ಥಾನ ಚಿತ್ರಕಾರನಾದ. ಯಜಮಾನನ ಲೆಕ್ಕದ ಪುಸ್ತಕದಲ್ಲಿ ಇಂಥವರ ಹೆಸರುಗಳಿವೆ, ಕೂಲಿಯಿದೆ. ಚಿತ್ರಶಾಲೆಯ ಗೋಡೆಯ ಮೇಲೆ ಬರುವಾಗ ಅವೆಲ್ಲ ಸೇರಿ ‘ಸ್ಟುಡಿಯೋ’ ಎಂಬ ಒಂದು ಪದವಾಗುತ್ತವೆ.

ಅವ್ವನ ಮುಖ, ದೊರೆಯ ಮುಖ

ರಿಗೋನ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಪ್ರತಿಯ ಪ್ರಶ್ನೆ ಬೇರೆಯೇ ರೂಪ ಪಡೆಯುತ್ತದೆ.

ಮೊದಲನೆಯದು ಅವನ ತಾಯಿ ಮರಿಯಾ ಸೆರ್ರಾಳದು. 1695ರಲ್ಲಿ ಊರಿಗೆ ಹೋದಾಗ ಬರೆದದ್ದು, ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಒಂದೇ ಕ್ಯಾನ್ವಾಸಿನಲ್ಲಿ ಮುದುಕಿಯ ಮುಖ ಎರಡು ಸಲ, ಎರಡು ದಿಕ್ಕಿನಿಂದ. ಬಿಳಿ ಕುಲಾವಿ, ಸುಕ್ಕುಗಳು, ಮಗನ ಮುಂದೆ ಸುಮ್ಮನೆ ಕೂತ ತಾಯಿಯ ತಾಳ್ಮೆ. ಎರಡು ಸಲ ಏಕೆ? ಶಿಲ್ಪಿ ಕ್ವಾಸೆವೋ ಇದನ್ನು ನೋಡಿ ಅಮೃತಶಿಲೆಯಲ್ಲಿ ಆಕೆಯ ಮುಖ ಕಡೆಯಬೇಕಿತ್ತು. ಕಡೆದ ಕೂಡ. ಅಂದರೆ ರಿಗೋ ತೀರ ಒಳಗಿನಿಂದ ಬರೆದ ಚಿತ್ರವೂ ಇನ್ನೊಬ್ಬನ ಕೈಯಲ್ಲಿ ಮತ್ತೆ ಹುಟ್ಟಲೆಂದೇ ಬರೆದದ್ದು.

ಎರಡನೆಯದು 1701ರ ಹದಿನಾಲ್ಕನೆಯ ಲೂಯಿ. ಶಾಲೆಯ ಇತಿಹಾಸ ಪುಸ್ತಕಗಳಲ್ಲಿ ನಾವೆಲ್ಲ ನೋಡಿದ ಚಿತ್ರ: ದೊಡ್ಡ ಕೂದಲಿನ ಟೋಪನ್ನು, ನೀಲಿ ನಿಲುವಂಗಿ, ಬಿಳಿ ಕಾಲುಚೀಲದ ನೀಳ ಕಾಲುಗಳು. ಸ್ಪೇನಿನ ಸಿಂಹಾಸನವೇರಿದ್ದ ಮೊಮ್ಮಗನಿಗೆ ಕಳಿಸಲೆಂದು ಬರೆಸಿದ್ದು. ಮುಗಿದಾಗ ಅಜ್ಜನಿಗೆ ಎಷ್ಟು ಇಷ್ಟವಾಯಿತೆಂದರೆ ಮೂಲವನ್ನು ತಾನೇ ಇಟ್ಟುಕೊಂಡು ಪ್ರತಿಗೆ ಹೇಳಿದ. ಮೂಲ ಇಂದು ಲೂವ್ರ್‌ನಲ್ಲಿ, ಪ್ರತಿ ವರ್ಸೈಯಲ್ಲಿ. ಆ ಮೂಲದಲ್ಲೂ ಒಂದು ಗುಟ್ಟಿದೆ. ದೊರೆಯ ತಲೆಯನ್ನು ಬೇರೆ ತುಂಡಿನ ಮೇಲೆ ಬರೆದು ದೊಡ್ಡ ಕ್ಯಾನ್ವಾಸಿಗೆ ಕೂಡಿಸಲಾಗಿದೆ. 63 ದಾಟುತ್ತಿದ್ದವನ ದಣಿದ ಮುಖ, ಅದರ ಕೆಳಗೆ ನರ್ತಕನ ಕಾಲು! ಮೂಲವೆಂದು ನಾವು ಪೂಜಿಸುವುದೇ ಜೋಡಿಸಿದ ವಸ್ತು. ರಾಜಭಾವಚಿತ್ರದಲ್ಲಿ ‘ಒಂದೇ ಕೈಯಿಂದ ಒಂದೇ ಉಸಿರಿಗೆ ಹುಟ್ಟಿದ ಕೃತಿ’ ಎಂಬುದು ಮೊದಲಿಂದಲೂ ಇರಲಿಲ್ಲ.

ಕಮ್ಮಟ ಎಂಬ ಪದ

ಈಗ ಫ್ಲೂರಿಯ ಚಿತ್ರಕ್ಕೆ ಮರಳಬಹುದು. ರಿಗೋ ಅವನ ಮೂಲಚಿತ್ರ ಬರೆದದ್ದು 1728ರ ಸುಮಾರಿಗೆ. ಮಂತ್ರಿಗೆ 75, ಚಿತ್ರಕಾರನಿಗೆ 69. ಮೂಲ ಒಂದು ಸಲ ಸಿದ್ಧವಾದ ಮೇಲೆ ಪ್ರತಿಗಳು ಹೊರಟವು. ಫ್ರಾನ್ಸಿನ ಚರ್ಚಿನ ದೊಡ್ಡ ಹುದ್ದೆಗಳು ಯಾರಿಗೆ ಸಿಗಬೇಕೆಂಬುದು ಫ್ಲೂರಿಯ ಕೈಯಲ್ಲಿತ್ತು. ಅಂಥವನ ಮುಖ ಗೋಡೆಯ ಮೇಲಿರುವುದಕ್ಕೆ ಅರ್ಥವಿತ್ತು. ಇಂದು ಕಚೇರಿಯಲ್ಲಿ, ಕಾಲೇಜಿನ ಪ್ರಾಂಶುಪಾಲರ ಕೋಣೆಯಲ್ಲಿ ಯಾರ ಫೋಟೋ ತೂಗುತ್ತದೆ ಎಂದು ನೋಡಿ ಗಾಳಿಯ ದಿಕ್ಕು ತಿಳಿಯುವುದು ನಮಗೇನೂ ಹೊಸತಲ್ಲ. ಆ ಫೋಟೋ ಮೂಲವೋ ಪ್ರತಿಯೋ ಎಂದು ಯಾರೂ ಕೇಳುವುದಿಲ್ಲ.

‘ಸ್ಟುಡಿಯೋ’ ಎಂಬುದಕ್ಕೆ ಕನ್ನಡದಲ್ಲಿ ಕಾರ್ಯಾಗಾರ ಎನ್ನುತ್ತೇವೆ. ಈ ಚಿತ್ರದ ಮಟ್ಟಿಗೆ ನನಗೆ ಹೆಚ್ಚು ಸರಿಯೆನಿಸುವ ಪದ ‘ಕಮ್ಮಟ’. ಈಗ ನಾವು ಕಥಾಕಮ್ಮಟ, ಕಾವ್ಯಕಮ್ಮಟ ಎಂದು ಬಳಸಿ ಅದನ್ನು ಮೆತ್ತಗೆ ಮಾಡಿದ್ದೇವೆ. ಅದರ ಹಳೆಯ ಅರ್ಥ ನಾಣ್ಯ ಅಚ್ಚುಹಾಕುವ ಜಾಗ. ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ಕೈಯಲ್ಲಿ ಹಿಡಿದು ಇದರಲ್ಲಿ ಮೂಲ ಯಾವುದು ಎಂದು ಕೇಳುವುದಿಲ್ಲವಷ್ಟೆ. ಎಲ್ಲ ನಾಣ್ಯವೂ ಅಸಲೇ. ಚಲಾವಣೆಯಲ್ಲಿರುವುದೇ ಅದರ ಅಸಲುತನ. ಫ್ಲೂರಿ ಅಧಿಕಾರಕ್ಕೆ ಬಂದ 1726ರಲ್ಲೇ ಫ್ರಾನ್ಸಿನ ಹಣವಾದ ಲೀವ್ರ್‌ನ ಬೆಲೆಯನ್ನು ಗಟ್ಟಿಗೊಳಿಸಲಾಯಿತು. ವರ್ಷಗಳ ಏರಿಳಿತ ನಿಂತಿತು, ಬಹುಮಟ್ಟಿಗೆ ಕ್ರಾಂತಿಯ ಕಾಲದವರೆಗೆ ಅದು ಹಾಗೇ ಉಳಿಯಿತು. ಅಲುಗದ ನಾಣ್ಯ, ಅಲುಗದ ಮುಖ. ಎರಡೂ ಒಂದೇ ಆಡಳಿತದ ಕೆಲಸ.

ವಾಲ್ಟರ್ ಬೆಂಜಮಿನ್‌ನ ‘ಯಾಂತ್ರಿಕ ಪುನರುತ್ಪಾದನೆಯ ಯುಗದಲ್ಲಿ ಕಲಾಕೃತಿ’ ಪ್ರಬಂಧವನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಇಲ್ಲೊಂದು ತಕರಾರು ಹೊಳೆಯಬಹುದು. ಶಿಷ್ಯರು, ಕಾರ್ಯಾಗಾರಗಳು ಹಿಂದಿನಿಂದಲೂ ಕೈಯಿಂದ ಪ್ರತಿ ಮಾಡುತ್ತಿದ್ದರೆಂದು ಬೆಂಜಮಿನ್ ಒಪ್ಪುತ್ತಾನೆ. ಆದರೆ ಕೈಪ್ರತಿಯ ಎದುರು ಮೂಲದ ಅಧಿಕಾರ ಕುಂದುವುದಿಲ್ಲ, ಅದನ್ನು ಕುಂದಿಸುವುದು ಯಂತ್ರ ಎಂಬುದು ಅವನ ವಾದ. ಆ ಮಾತು ಧಾರ್ಮಿಕ ವಿಗ್ರಹಕ್ಕೆ, ಒಬ್ಬನೇ ಕಲಾವಿದನ ಒಂದೇ ಕೃತಿಗೆ ಸರಿ. ರಾಜಕೀಯ ಭಾವಚಿತ್ರಕ್ಕೆ ಅದು ಪೂರ್ತಿ ಹೊಂದುವುದಿಲ್ಲ ಎಂದು ನನಗನಿಸುತ್ತದೆ. ಇಲ್ಲಿ ಮೂಲವೇ ಪ್ರತಿಗಾಗಿ ಇದೆ. ನಾಣ್ಯಕ್ಕೆ ಅಚ್ಚು ಇರುವ ಹಾಗೆ ರಿಗೋನ ಕ್ಯಾನ್ವಾಸು. ಅಚ್ಚು ಪೆಟ್ಟಿಗೆಯಲ್ಲೇ ಉಳಿದರೆ ಅದರಿಂದ ಏನನ್ನೂ ಕೊಳ್ಳಲಾಗದು. ಪ್ರಭಾವಳಿ ಮೂಲದಿಂದ ಪ್ರತಿಗೆ ಇಳಿಯುವುದಲ್ಲ, ನಾಲ್ಕಾರು ಗೋಡೆಗಳ ಮೇಲಿನ ಪ್ರತಿಗಳಿಂದ ಮೂಲಕ್ಕೆ ಸೇರುವುದು.

ಫ್ಲೂರಿಯ ಮುಖ ಎಷ್ಟು ದೂರ ಚಲಾವಣೆಯಾಯಿತು ಎಂಬುದಕ್ಕೆ ತೋಮಾಸಾಂ ಎಂಬ ಕೆತ್ತನೆಗಾರ, ಓತ್ರೋ ಎಂಬವನ ಚಿತ್ರವನ್ನು ಅನುಸರಿಸಿ ಮಾಡಿದ ಒಂದು ಮುದ್ರಣಚಿತ್ರ ಸಾಕ್ಷಿ. ಹಗಲು ಹೊತ್ತಿನಲ್ಲೇ ಕಂದೀಲು ಹಿಡಿದು ‘ಮನುಷ್ಯನನ್ನು ಹುಡುಕುತ್ತಿದ್ದೇನೆ’ ಎಂದು ಅಲೆದ ಗ್ರೀಕ್ ದಾರ್ಶನಿಕ ಡಯೋಜೆನಿಸ್ ಅದರಲ್ಲಿದ್ದಾನೆ. ಒಂದು ಕೈಯಲ್ಲಿ ಕಂದೀಲು, ಇನ್ನೊಂದರಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ಫ್ಲೂರಿಯ ಭಾವಚಿತ್ರ. ಹುಡುಕಾಟ ಮುಗಿಯಿತು, ಮನುಷ್ಯ ಸಿಕ್ಕಿದ ಎಂದರ್ಥ. ಹೊಗಳಿಕೆ ಅತಿಯಾಯಿತು ಅನ್ನಿ. ನನ್ನ ಗಮನ ಬೇರೆ ಕಡೆ: ಡಯೋಜೆನಿಸನಿಗೆ ಸಿಕ್ಕಿದ್ದು ಮನುಷ್ಯನಲ್ಲ, ಮನುಷ್ಯನ ಚಿತ್ರ.

ಮೆತ್ತನೆಯ ಮುಖ ಮರೆಸುವುದು

ಪ್ರತಿಯ ಪರ ಇಷ್ಟು ವಾದಿಸಿದ ಮೇಲೆ ಅದರ ಅಪಾಯವನ್ನೂ ಹೇಳಬೇಕು. ಮೂಲ ಬರೆಯುವಾಗ ಚಿತ್ರಕಾರ ತಡವರಿಸುತ್ತಾನೆ. ಕೈಬೆರಳನ್ನು ಒಂದು ಕಡೆ ಬರೆದು ಆಮೇಲೆ ಸರಿಸುತ್ತಾನೆ, ಭುಜದ ಅಂಚನ್ನು ತಗ್ಗಿಸುತ್ತಾನೆ. ಆ ತಿದ್ದುಪಡಿಗಳ ಗುರುತು ಬಣ್ಣದ ಪದರದಡಿ ಉಳಿಯುತ್ತದೆ. ಪರಿಣತರು ಮೂಲವನ್ನು ಗುರುತಿಸುವ ದಾರಿಗಳಲ್ಲಿ ಅದೂ ಒಂದು. ಪ್ರತಿಯಲ್ಲಿ ತಡವರಿಕೆಗೆ ಎಡೆಯಿಲ್ಲ. ಏನು ಕಾಣಬೇಕೆಂಬುದು ಆಗಲೇ ತೀರ್ಮಾನವಾಗಿದೆ. ಮುಖ ಒಂದು ಒಪ್ಪಿತ ವಾಕ್ಯವಾಗಿಬಿಡುತ್ತದೆ.

ಫ್ಲೂರಿಯ ವಿಷಯದಲ್ಲಿ ಆ ವಾಕ್ಯ ‘ಸೌಮ್ಯ’ ಎಂಬುದು. ಇತಿಹಾಸಕಾರರು ಅವನನ್ನು ಶಾಂತಿಪ್ರಿಯ, ಮಿತವ್ಯಯಿ ಎನ್ನುತ್ತಾರೆ, ಅದು ಸುಳ್ಳಲ್ಲ. ಯುದ್ಧಗಳನ್ನು ಆದಷ್ಟು ತಪ್ಪಿಸಿದ, ಖಜಾನೆಯನ್ನು ನೇರ್ಪಡಿಸಿದ. ಆದರೆ ಇದೇ ಸೌಮ್ಯ ಮುದುಕನ ಕಾಲದಲ್ಲಿ ಜಾನ್ಸೆನಿಸ್ಟರೆಂಬ ಕಟ್ಟುನಿಟ್ಟಿನ ಕ್ಯಾಥೊಲಿಕರ ಮೇಲೆ ಒತ್ತಡ ಹೆಚ್ಚಿತು. ಅವರನ್ನು ಖಂಡಿಸಿದ ಪೋಪನ ಆಜ್ಞೆಯನ್ನು 1730ರಲ್ಲಿ ರಾಜ್ಯದ ಕಾನೂನೆಂದು ಸಾರಲಾಯಿತು. ಅವರ ಭಕ್ತರು ಪವಾಡಗಳಿಗಾಗಿ ಮುತ್ತುತ್ತಿದ್ದ ಪ್ಯಾರಿಸ್ಸಿನ ಸೇಂಟ್ ಮೆದಾರ್ ಸ್ಮಶಾನಕ್ಕೆ 1732ರಲ್ಲಿ ಬೀಗ ಬಿತ್ತು. ವಿರೋಧಿಸಿದ ನ್ಯಾಯಾಧೀಶರನ್ನು ಗಡೀಪಾರು ಮಾಡಲಾಯಿತು. ಅವನ ಹಣಕಾಸಿನ ಮಂತ್ರಿ ಓರಿ 1738ರಲ್ಲಿ ರಸ್ತೆ ಮಾಡಲು ರೈತರ ಬಿಟ್ಟಿ ದುಡಿಮೆಯನ್ನು ದೇಶದ ಉದ್ದಗಲಕ್ಕೂ ಕಡ್ಡಾಯ ಮಾಡಿದ. ಫ್ರಾನ್ಸಿನ ಸುಂದರ ಹೆದ್ದಾರಿಗಳು ಹೀಗೆ ಬಂದವು. ಆ ರೈತರ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ, ಕೂಲಿ ಕೊಟ್ಟಿದ್ದರಲ್ಲವೆ ಲೆಕ್ಕ ಬರೆಯುವುದು? ರಿಗೋನ ಕಮ್ಮಟದ ಸಹಾಯಕ ಇವರಿಗಿಂತ ಎಷ್ಟೋ ಪುಣ್ಯವಂತ.

ಆದ್ದರಿಂದ ಈ ಚಿತ್ರವನ್ನು ಮೆಚ್ಚುವಾಗ ಎರಡು ಮಾತು ಒಟ್ಟಿಗೆ ಹೇಳಬೇಕಾಗುತ್ತದೆ. ಇದರ ಕೈಗೆಲಸಕ್ಕೆ ಗೌರವ ಸಲ್ಲಬೇಕು. ಇದರ ಸೌಮ್ಯತೆಯನ್ನು ಮಾತ್ರ ನಂಬಬಾರದು. ಸಹಾಯಕ ನಮಗೆ ಸುಳ್ಳು ಹೇಳಲಿಲ್ಲ. ತನಗೆ ಕೊಟ್ಟ ಮುಖವನ್ನು ನಿಷ್ಠೆಯಿಂದ ದಾಟಿಸಿದ. ನಿಷ್ಠೆಯಿಂದ ದಾಟಿಸಿದ್ದೆಲ್ಲ ನಿಜವಾಗಬೇಕಿಲ್ಲ ಎಂಬುದು ಹಸ್ತಪ್ರತಿಗಳ ಜತೆ ಕೆಲಸ ಮಾಡುವ ಯಾರಿಗೂ ಗೊತ್ತಿರುವ ಸಂಗತಿ. ಮಾತೃಕೆಯಲ್ಲಿ ಒಂದು ತಪ್ಪಿದ್ದರೆ ಒಳ್ಳೆಯ ಲಿಪಿಕಾರ ಅದನ್ನೂ ಅಂದವಾಗಿಯೇ ಬರೆಯುತ್ತಾನೆ.

ಪ್ಯಾರಿಸ್ಸಿಗೆ ಹೋದ ಪ್ರತಿಗಳು

ಫ್ಲೂರಿಯ ಮುಖದ ಪ್ರತಿಗಳು ತಯಾರಾಗುತ್ತಿದ್ದ ವರ್ಷಗಳಲ್ಲೇ ಬೇರೆ ಪ್ರತಿಗಳು ಪ್ಯಾರಿಸ್ಸಿನ ಕಡೆಗೆ ಹೊರಟಿದ್ದವು. ರಾಜರ ಗ್ರಂಥಾಲಯವನ್ನು ಬೆಳೆಸುವ ಉತ್ಸಾಹ ಆಗ ಜೋರಾಗಿತ್ತು. 1728ರಲ್ಲಿ ಇಬ್ಬರು ವಿದ್ವಾಂಸರನ್ನು ಹಸ್ತಪ್ರತಿ ತರಲೆಂದು ಕಾನ್‌ಸ್ಟಾಂಟಿನೋಪಲ್ಲಿಗೆ ಕಳಿಸಿದರು. ಭಾರತದಲ್ಲಿದ್ದ ಜೆಸ್ಯೂಟ್ ಪಾದ್ರಿಗಳಿಗೂ ಗ್ರಂಥಗಳನ್ನು ಕಳಿಸಿಕೊಡಿ ಎಂಬ ಕೋರಿಕೆ ಬಂತು. ಬಂಗಾಳದಿಂದ ಫಾದರ್ ಪೋನ್ಸ್ ಸಂಸ್ಕೃತ ಗ್ರಂಥಗಳನ್ನು ಕಳಿಸಿದ. ನಮ್ಮ ಚಿಕ್ಕಬಳ್ಳಾಪುರದಲ್ಲೂ ನೆಲೆ ಹೊಂದಿದ್ದ ‘ಕರ್ನಾಟಿಕ್ ಮಿಷನ್’ನ ಫಾದರ್ ಕಾಲ್ಮೆತ್, 1730ರ ದಶಕದಲ್ಲಿ ವೇದಗಳನ್ನು ತೆಲುಗು ಲಿಪಿಯಲ್ಲಿ ಪ್ರತಿ ಮಾಡಿಸಿ ಸಾಗಿಸಿದ. 1739ರಲ್ಲಿ ಅಚ್ಚಾದ ಗ್ರಂಥಾಲಯದ ಸೂಚಿಯಲ್ಲಿ ಭಾರತದ ಗ್ರಂಥಗಳಿಗೂ ಜಾಗ ಸಿಕ್ಕಿತು.

ಆ ಪಟ್ಟಿಗಳಲ್ಲಿ ಕಳಿಸಿದ ಪಾದ್ರಿಯ ಹೆಸರು, ಗ್ರಂಥದ ಹೆಸರು ಮುಖ್ಯ. ಕೂತು ಬರೆದವರು ಹಿಂದೆ ಸರಿಯುತ್ತಾರೆ, ರಿಗೋನ ಸಹಾಯಕರು ‘ಸ್ಟುಡಿಯೋ’ದಲ್ಲಿ ಕರಗಿದ ಹಾಗೆ. ಆದರೆ ನಮ್ಮ ಓಲೆಗರಿಗಳ ಲಿಪಿಕಾರರು ಒಂದು ಜಾಣತನ ಮಾಡುತ್ತಿದ್ದರು. ಎಷ್ಟೋ ಪ್ರತಿಗಳ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ ಬರೆದು ತಮ್ಮ ಹೆಸರನ್ನೂ ಸೇರಿಸುತ್ತಿದ್ದರು. ಬೆನ್ನು ಬಾಗಿತು, ಕತ್ತು ನೋಯಿತು, ಕಣ್ಣು ಮಂಜಾಯಿತು, ಆದ್ದರಿಂದ ಇದನ್ನು ಜತನವಾಗಿ ಕಾಪಾಡಿ ಎಂದು ಬೇಡುತ್ತಿದ್ದರು. ತಪ್ಪಿದ್ದರೆ ತಿದ್ದಿಕೊಂಡು ಓದಿ ಎನ್ನುತ್ತಿದ್ದರು. ಗರಿಗಳನ್ನು ತಿರುವುತ್ತ ಆ ಕೊನೆಯ ಸಾಲುಗಳಿಗೆ ಬಂದಾಗಲೆಲ್ಲ ಕವಿಗಿಂತ ಹತ್ತಿರದ ಒಬ್ಬ ಮನುಷ್ಯ ಎದುರು ಕೂತಂತೆ ನನಗೆ ಭಾಸವಾಗುತ್ತದೆ. ಅವನಿಲ್ಲದಿದ್ದರೆ ಕವಿಯೂ ಇಲ್ಲ.

ಫ್ಲೂರಿಯ ಪ್ರತಿ ಬರೆದವನಿಗೆ ಇಂಥ ಕೊನೆಯ ಸಾಲು ಬರೆಯುವ ಅವಕಾಶವಿರಲಿಲ್ಲ. ಅವನ ಬೆನ್ನೂ ನೋವಾಗಿರಲೇಬೇಕು. ಯಜಮಾನನ ಮೂಲವನ್ನು ಒಂದು ಕಡೆ ನಿಲ್ಲಿಸಿಕೊಂಡು, ಅದೇ ಕೆಂಪನ್ನು ಮತ್ತೆ ಕಲಸಿ, ಅದೇ ನರೆಗೂದಲನ್ನು ಎಳೆಎಳೆಯಾಗಿ ಮತ್ತೆ ಎಳೆದು, ತಾನು ಎಂದೂ ಮಾತಾಡಿಸಿರದ ಮಂತ್ರಿಯ ಮುಖಕ್ಕೆ ಅದೇ ತಾಳ್ಮೆಯನ್ನು ತಂದ. ಆ ತಾಳ್ಮೆ ಫ್ಲೂರಿಯದೋ, ರಿಗೋ ಕಂಡದ್ದೋ, ಇವನದೇ ಆಗಿತ್ತೋ?

ಮಂತ್ರಿಯೂ ಚಿತ್ರಕಾರನೂ ಒಂದೇ ವರ್ಷ ತೀರಿಕೊಂಡರು. ಫ್ಲೂರಿ 1743ರ ಜನವರಿ 29ರಂದು, ರಿಗೋ ಅದೇ ವರ್ಷದ ಡಿಸೆಂಬರ್ 29ರಂದು. ಮೂರನೆಯವನು ಸತ್ತ ದಿನ ಈ ಚಿತ್ರದ ಪಕ್ಕ ಎಲ್ಲೂ ಬರೆದಿಲ್ಲ. ಅವನು ಮುಗಿಸಿಕೊಟ್ಟ ಮುಖ ಮಾತ್ರ ಲಂಡನ್ನಿನ ಗೋಡೆ ದಾಟಿ, ಪರದೆಯಿಂದ ಪರದೆಗೆ ಪ್ರತಿಯಾಗುತ್ತ, ನನ್ನ ಹಾಸ್ಟೆಲ್ ಕೋಣೆಯವರೆಗೂ ಬಂದಿದೆ. ಈ ಸಲ ಬೆರಳನ್ನು ತಡೆದು ಇನ್ನಷ್ಟು ಹೊತ್ತು ನೋಡಿದೆ. ಆಮೇಲೆ ನನ್ನ ಟಿಪ್ಪಣಿ ಪುಸ್ತಕ ತೆರೆದು, ಪಾಠಾಂತರಗಳ ಪಟ್ಟಿಯಲ್ಲಿ ಇಷ್ಟು ದಿನ ‘ಕ’ ಪ್ರತಿ, ‘ಖ’ ಪ್ರತಿ ಎಂದಷ್ಟೇ ಗುರುತಿಸಿದ್ದ ಓಲೆಗಳ ಪಕ್ಕ, ಹೆಸರು ಸಿಕ್ಕ ಕಡೆಯಲ್ಲೆಲ್ಲ ಲಿಪಿಕಾರರ ಹೆಸರು ಬರೆಯತೊಡಗಿದೆ.